ಗಂಡನ ಹೆಸರಿನ ಕಾಲಂ ಖಾಲಿ ಬಿಡಿ: ಒಂಟಿ ಗರ್ಭಿಣಿ ಉದ್ಯೋಗಿಗೆ ಬರಬೇಕಾದ ಹಣ, ರಜೆ, ದಾಖಲೆ – ಹಂತ ಹಂತವಾಗಿ

ಬೆಂಗಳೂರಿನ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಹೆರಿಗೆ ರಜೆಯ ಅರ್ಜಿಗಳು ನನ್ನ ಮೇಜಿಗೇ ಬರುತ್ತಿದ್ದವು. ಅದರಲ್ಲಿ ಒಂಟಿ ಹೆಣ್ಣುಮಕ್ಕಳ ಅರ್ಜಿ ಮಾತ್ರ ಯಾವಾಗಲೂ ತಡ. ಏಳನೇ ತಿಂಗಳು, ಎಂಟನೇ ತಿಂಗಳು, ಕೆಲವೊಮ್ಮೆ ಹೆರಿಗೆ ಆದಮೇಲೆ. ಕೇಳಿದರೆ ಉತ್ತರ ಒಂದೇ: "ಗಂಡನ ಹೆಸರು ಕೇಳ್ತಾರೆ ಮೇಡಂ, ಅದಕ್ಕೇ ಹೋಗಿರಲಿಲ್ಲ."

ಒಬ್ಬಾಕೆ ಮುಜುಗರ ತಪ್ಪಿಸಿಕೊಳ್ಳಲು ತಾಯಿ ಕಾರ್ಡಿನ (ಗರ್ಭಿಣಿಯ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡ್) ಆ ಕಾಲಂನಲ್ಲಿ ತನ್ನ ಅಣ್ಣನ ಹೆಸರು ಬರೆಸಿದ್ದಳು. ಆಸ್ಪತ್ರೆಯವರು ಕಾರ್ಡ್ ನೋಡಿಕೊಂಡು ಅದನ್ನೇ ಜನನ ವರದಿಗೆ ಇಳಿಸಿದರು. ಮಗುವಿನ ಜನನ ಪ್ರಮಾಣಪತ್ರದಲ್ಲಿ ಸೋದರಮಾವನೇ ತಂದೆ! ಅದನ್ನು ಸರಿಪಡಿಸಲು ಅವಳು ಒಂದು ವರ್ಷ ಓಡಾಡಿದಳು.

ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಎಲ್ಲೂ ಮದುವೆಯ ಷರತ್ತು ಇಲ್ಲ. ಮದುವೆಯಾಗದವರು, ವಿಧವೆಯರು, ವಿಚ್ಛೇದನ ಪಡೆದವರು, ಗಂಡ ಬಿಟ್ಟುಹೋದವರು ಎಲ್ಲರಿಗೂ ಒಂದೇ ಲೆಕ್ಕ. ಹಣ ತಪ್ಪುವುದು ಕಾನೂನಿನಿಂದಲ್ಲ, ತಡ ಮಾಡುವುದರಿಂದ ಮತ್ತು ಕ್ರಮ ತಪ್ಪುವುದರಿಂದ. ಹಾಗಾಗಿ ಕೆಳಗಿನ ಕ್ರಮದಲ್ಲೇ ಹೋಗಿ. ಇಲ್ಲಿರುವುದು ಕರ್ನಾಟಕದಲ್ಲಿ ಕೆಲಸ ಮಾಡುವವರ ಲೆಕ್ಕ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಆಧಾರ್, ಪ್ಯಾನ್, ನಿಮ್ಮ ಒಬ್ಬರದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಕೆಲಸಕ್ಕೆ ಸೇರಿದಾಗ ಕೊಟ್ಟ ಆದೇಶ, ಕಳೆದ ಹನ್ನೆರಡು ತಿಂಗಳ ಸ್ಯಾಲರಿ ಸ್ಲಿಪ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅದರ ನಂಬರ್, ಇದ್ದರೆ ರೇಷನ್ ಕಾರ್ಡ್. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಮೂರು ಮೂರು ಜೆರಾಕ್ಸ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ಇದೆ ಅಂತ ಸುಮ್ನೆ ಕೂರಬೇಡಿ. ಕೌಂಟರಿನಲ್ಲಿ ಕೇಳುವುದು ಕಾಗದವನ್ನೇ.

ಹಂತ 1: ಡ್ಯೂ ಡೇಟ್ ಬರೆದಿರುವ ಕಾಗದ ಮತ್ತು ತಾಯಿ ಕಾರ್ಡ್

ಮುಂದಿನ ಎಲ್ಲ ಲೆಕ್ಕವೂ ಎರಡು ದಿನಾಂಕಗಳ ಮೇಲೆ ನಿಂತಿದೆ. ಒಂದು, ಕೊನೆಯ ಮುಟ್ಟಿನ ಮೊದಲ ದಿನ. ಇನ್ನೊಂದು, ವೈದ್ಯರು ಹೇಳುವ ಹೆರಿಗೆಯ ನಿರೀಕ್ಷಿತ ದಿನ. ಎರಡೂ ಇರುವ, ಸಹಿ ಮತ್ತು ಸೀಲ್ ಹಾಕಿದ ಚೀಟಿ ವೈದ್ಯರಿಂದ ಪಡೆಯಿರಿ.

ನಂತರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಾಯಿ ಕಾರ್ಡ್ ಮಾಡಿಸಿ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ಮಾಡಿಸಿ. ಮೂರು ತಿಂಗಳೊಳಗೆ ಮುಗಿದರೆ ಒಳ್ಳೆಯದು. ಏರಿಯಾದ ಆಶಾ ಕಾರ್ಯಕರ್ತೆ ಗೊತ್ತಿದ್ದರೆ ಅವರೇ ಕರೆದುಕೊಂಡು ಹೋಗುತ್ತಾರೆ.

ಸಿಸ್ಟರ್ ಗಂಡನ ಹೆಸರು ಕೇಳುತ್ತಾರೆ. "ಇಲ್ಲ, ನನ್ನ ಹೆಸರಷ್ಟೇ ಬರೆಯಿರಿ" ಅನ್ನಿ. ಅಷ್ಟೇ ಸಾಕು, ಕಥೆ ಹೇಳಬೇಕಿಲ್ಲ. ಕಾಲಂ ಖಾಲಿ ಇದ್ದರೆ ನಾಳೆ ಏನೂ ಆಗುವುದಿಲ್ಲ. ಸುಳ್ಳು ಹೆಸರು ಇದ್ದರೆ ಅದು ಒಂದು ಕಾಗದದಿಂದ ಇನ್ನೊಂದಕ್ಕೆ ಹಬ್ಬುತ್ತಾ ಹೋಗುತ್ತದೆ.

ಹಂತ 2: ಬ್ಯಾಂಕ್ ಖಾತೆ ಸರಿಮಾಡಿಕೊಳ್ಳಿ

ಸರ್ಕಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಅರ್ಜಿಯಲ್ಲಿ ನೀವು ಯಾವ ಖಾತೆ ನಂಬರ್ ಬರೆದಿದ್ದೀರಿ ಅನ್ನುವುದಕ್ಕಿಂತ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಿಸಿದ್ದೀರಿ ಅನ್ನುವುದು ಮುಖ್ಯ. ಐದು ವರ್ಷದ ಹಿಂದೆ ಊರಲ್ಲಿ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಇಲ್ಲವೇ ಬ್ಯಾಂಕಿಗೇ ಹೋಗಿ ಕೇಳಿ.

ಗಂಡನ ಜೊತೆ ಜಂಟಿ ಖಾತೆ ಇದ್ದು ಈಗ ಬೇರೆಯಾಗಿದ್ದರೆ ಇವತ್ತೇ ಒಬ್ಬರ ಹೆಸರಲ್ಲಿ ಹೊಸ ಖಾತೆ ತೆರೆಯಿರಿ. ಸಂಬಳವನ್ನೂ ಅಲ್ಲಿಗೆ ತಿರುಗಿಸಿ.

ಹೆಸರನ್ನೂ ಹೊಂದಿಸಿ. ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಬ್ಯಾಂಕಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು, ತಾಯಿ ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರು – ಹೀಗಿದ್ದರೆ ಅರ್ಜಿ ಒಂದಲ್ಲ ಒಂದು ಕಡೆ ಸಿಕ್ಕಿಬೀಳುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಉಳಿದದ್ದೂ ಹಾಗೇ ಇರಲಿ.

ಹಂತ 3: ನಿಮಗೆ ಹಣ ಕೊಡಬೇಕಾದವರು ಯಾರು?

ಇಲ್ಲಿ ಎಡವುವವರೇ ಜಾಸ್ತಿ. ಮೂರು ಬಾಗಿಲುಗಳಿವೆ. ನಿಮ್ಮದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ.

ಮೊದಲನೆಯದು ಇಎಸ್‌ಐ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಸ್ಯಾಲರಿ ಸ್ಲಿಪ್‌ನಲ್ಲಿ 0.75 ಶೇಕಡಾ ಇಎಸ್‌ಐ ಕಡಿತ ಕಾಣುತ್ತಿದ್ದರೆ ನಿಮಗೆ ಹೆರಿಗೆ ಹಣ ಕೊಡುವುದು ಇಎಸ್‌ಐ, ಕಂಪನಿಯಲ್ಲ.

ಎರಡನೆಯದು ಕಂಪನಿ. ಸಂಬಳ ಇಎಸ್‌ಐ ಮಿತಿ ದಾಟಿದ್ದು, ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ ಮಾಲೀಕರೇ ಪೂರ್ತಿ ಕೊಡಬೇಕು. ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ಹಕ್ಕು. 2017ರ ತಿದ್ದುಪಡಿಯಲ್ಲಿ ರಜೆ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಈ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. "ಹಳೇ ಕಾಯ್ದೆ ಹೋಯ್ತು, ಈಗ ರಜೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 26 ವಾರ ಹಾಗೇ ಇದೆ. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಮೂರನೆಯದು ಸರ್ಕಾರದ ಸಹಾಯಧನ. ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿ, ಮನೆಗೆಲಸ, ಟೈಲರಿಂಗ್, ಬೀದಿ ವ್ಯಾಪಾರ – ಇವರಿಗೆ ಮಾತೃ ವಂದನಾ ಯೋಜನೆ. ಅದು ಹಂತ 7ರಲ್ಲಿದೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ತಾಯಿ ಲಕ್ಷ್ಮೀ ಬಾಂಡ್ ಹೆಸರಿನ ಹೆರಿಗೆ ಸಹಾಯಧನವೂ ಇದೆ. ಕಾರ್ಡಿನ ಅವಧಿ ಮುಗಿಯುವ ಮುಂಚೆ ನವೀಕರಿಸಿಕೊಳ್ಳಿ.

ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರಿಗೆ 180 ದಿನದ ರಜೆ ಇದೆ. ಅವರ ದಾರಿ ಸುಲಭ, ಇಲ್ಲಿ ಬಿಡೋಣ.

ಹಂತ 4: ದಿನ ಎಣಿಸಿ

ಕಂಪನಿಯಿಂದ ಪಡೆಯುವವರು: ನಿರೀಕ್ಷಿತ ಹೆರಿಗೆ ದಿನದ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳ ಸಹಿತ ರಜಾದಿನಗಳೂ ಲೆಕ್ಕಕ್ಕೆ ಬರುತ್ತವೆ. "ಒಂದು ವರ್ಷ ಸರ್ವಿಸ್ ಆಗಿಲ್ಲ, ರಜೆ ಇಲ್ಲ" ಅನ್ನುವುದು ಶುದ್ಧ ಸುಳ್ಳು.

ಇಎಸ್‌ಐನವರು ಹುಷಾರಾಗಿರಬೇಕು. ಅಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಅವಧಿ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹೆರಿಗೆ 2026ರ ನವೆಂಬರ್‌ನಲ್ಲಿ ಅಂದುಕೊಳ್ಳಿ. ಆಗ ನೋಡುವುದು 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ವಂತಿಗೆಯನ್ನು. 2026ರ ಮೇ ತಿಂಗಳಲ್ಲಿ ಹೊಸದಾಗಿ ಸೇರಿದ್ದರೆ ಆಮೇಲೆ ಕಟ್ಟಿದ್ದು ಈ ಹೆರಿಗೆಗೆ ಉಪಯೋಗಕ್ಕೆ ಬಾರದು. ಹಳೇ ಕಂಪನಿಯಲ್ಲಿ ಇಎಸ್‌ಐ ಇತ್ತಾ? ಹಾಗಿದ್ದರೆ ಅದೇ ನಂಬರ್ ಮುಂದುವರಿಸಿ. ಹೊಸ ನಂಬರ್ ಮಾಡಿಸಿದರೆ ಹಿಂದಿನ ವಂತಿಗೆ ನಿಮ್ಮ ಲೆಕ್ಕಕ್ಕೆ ಬರದೇ ಹೋಗಬಹುದು.

ಈಗ ರಜೆಯ ಲೆಕ್ಕ. ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ 182 ದಿನ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಎರಡು ಮಕ್ಕಳು ಈಗಾಗಲೇ ಇದ್ದರೆ 12 ವಾರ ಮಾತ್ರ.

ಡ್ಯೂ ಡೇಟ್ ನವೆಂಬರ್ 20 ಅಂತಿಟ್ಟುಕೊಳ್ಳಿ. ಪೂರ್ತಿ 8 ವಾರ ಮುಂಚೆ, ಸೆಪ್ಟೆಂಬರ್ 25ಕ್ಕೆ ರಜೆ ಹಾಕಿದರೆ ಮಾರ್ಚ್ 25ಕ್ಕೆ ಮುಗಿಯುತ್ತದೆ. ಮಗುವಿಗೆ ಆಗ ನಾಲ್ಕೇ ತಿಂಗಳು. ನವೆಂಬರ್ 6ರವರೆಗೆ ಎಳೆದರೆ ಮೇ 6ರವರೆಗೆ ಸಿಗುತ್ತದೆ. ಮಗು ಐದೂವರೆ ತಿಂಗಳಿನದಾಗಿರುತ್ತದೆ. ಬಾಣಂತನಕ್ಕೆ ಅಮ್ಮನೋ ಅಕ್ಕನೋ ಬಂದು ನಿಲ್ಲುವ ಅವಕಾಶ ಕಡಿಮೆ ಇದ್ದರೆ, ಮೈಯಲ್ಲಿ ಶಕ್ತಿ ಇದ್ದು ಡಾಕ್ಟರ್ ಒಪ್ಪಿದರೆ ಎರಡನೆಯದೇ ವಾಸಿ ಅಂತ ನನ್ನ ಅಭಿಪ್ರಾಯ. ದಿನವಿಡೀ ನಿಂತು ಮಾಡುವ ಕೆಲಸವಾದರೆ ಈ ಮಾತು ಕೇಳಬೇಡಿ.

ಗರ್ಭಪಾತವಾದರೆ 6 ವಾರದ ಸಂಬಳ ಸಹಿತ ರಜೆ ಇದೆ. ಹೆರಿಗೆಯಿಂದ ಕಾಯಿಲೆ ಬಿದ್ದರೆ ವೈದ್ಯರ ಪ್ರಮಾಣಪತ್ರದ ಮೇಲೆ ಒಂದು ತಿಂಗಳು ಹೆಚ್ಚುವರಿ ರಜೆ ಸಿಗುತ್ತದೆ. ಇವೆರಡನ್ನೂ ಕೇಳುವವರು ತೀರಾ ಕಡಿಮೆ. ಎಚ್‌ಆರ್ ತಾವಾಗಿ ಹೇಳುವುದಿಲ್ಲ.

ಹಂತ 5: ನೋಟಿಸ್ ಬರಹದಲ್ಲೇ ಕೊಡಿ

ಐದನೇ ತಿಂಗಳು ಮುಗಿಯುವ ಹೊತ್ತಿಗೆ ಕೊಟ್ಟುಬಿಡಿ. ಒಂದು ಪುಟ ಸಾಕು. ನಿಮ್ಮ ಹೆಸರು, ಉದ್ಯೋಗಿ ಸಂಖ್ಯೆ, ನಿರೀಕ್ಷಿತ ಹೆರಿಗೆ ದಿನ, ರಜೆ ಶುರುವಾಗುವ ದಿನ, ಹಣ ಯಾವ ಖಾತೆಗೆ ಬರಬೇಕು, ನಿಮಗೆ ಆಗದಿದ್ದರೆ ಯಾರಿಗೆ ಕೊಡಬೇಕು. ರಜೆಯಲ್ಲಿರುವಾಗ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಅಂತ ಒಂದು ಸಾಲು. ಮದುವೆಯ ವಿಷಯ ಇಲ್ಲಿ ಬೇಡ.

ಮೇಲ್‌ನಲ್ಲಿ ಕಳಿಸಿ, ಕಾಗದದಲ್ಲೂ ಕೊಡಿ. ಎರಡನೇ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. "ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದ್ದೆ" ಅನ್ನುವ ಮಾತಿಗೆ ಆಮೇಲೆ ಮೂರು ಕಾಸಿನ ಬೆಲೆ ಇಲ್ಲ.

ಇನ್ನು ಅಪಾಯದ ಸೂಚನೆಗಳು. "ಈಗ ರಿಸೈನ್ ಮಾಡು, ಮಗು ಆದಮೇಲೆ ಮತ್ತೆ ತಗೊಳ್ತೀವಿ" ಅನ್ನುತ್ತಾರೆ. ಬರೀ ಹಾಳೆಗೆ ಸಹಿ ಕೇಳುತ್ತಾರೆ. ಗರ್ಭಿಣಿ ಅಂತ ಗೊತ್ತಾದ ವಾರಕ್ಕೇ, ಅಲ್ಲಿಯವರೆಗೆ ಚೆನ್ನಾಗಿದ್ದ ಕೆಲಸದಲ್ಲಿ ತಪ್ಪು ಹುಡುಕುವ ಮೆಮೊ ಬರುತ್ತದೆ. ಮದುವೆ ಪ್ರಮಾಣಪತ್ರ ತರದಿದ್ದರೆ ರಜೆ ಇಲ್ಲ ಅನ್ನುತ್ತಾರೆ. ಇದರಲ್ಲಿ ಯಾವುದೇ ಒಂದು ಕಂಡರೂ ಏನಕ್ಕೂ ಸಹಿ ಹಾಕಬೇಡಿ. "ಓದಿ ನಾಳೆ ಕೊಡ್ತೀನಿ" ಅಂತ ಹೇಳಿ ಮನೆಗೆ ಬನ್ನಿ. ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಗರ್ಭಿಣಿಯನ್ನು ತೆಗೆದುಹಾಕಿ ಸೌಲಭ್ಯ ತಪ್ಪಿಸಲೂ ಬರುವುದಿಲ್ಲ.

ದೂರು ಕೊಡುವುದು ಕಾರ್ಮಿಕ ಇಲಾಖೆಗೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಉಳಿದ ಕಡೆ ತಾಲ್ಲೂಕು, ಜಿಲ್ಲೆಯ ಕಾರ್ಮಿಕ ಕಚೇರಿ. ಕೆಲಸದಿಂದ ತೆಗೆದಿದ್ದರೆ 60 ದಿನದೊಳಗೆ ದೂರು ಕೊಡಬೇಕು. ಬಾಣಂತನದ ಗಡಿಬಿಡಿಯಲ್ಲಿ ಈ ಅವಧಿ ಜಾರಿಹೋಗುವುದು ತುಂಬಾ ಸುಲಭ.

ಹಂತ 6: ಅವರ ಲೆಕ್ಕವನ್ನು ನೀವೂ ಮಾಡಿ ನೋಡಿ

ಸಂಬಳ ವಿಭಾಗದಲ್ಲಿ ಕೂತಿದ್ದವಳಾಗಿ ಹೇಳುತ್ತೇನೆ, ಇಲ್ಲಿ ತಪ್ಪು ಆಗುತ್ತದೆ. ಯಾವಾಗಲೂ ಬೇಕಂತ ಅಲ್ಲ.

ರಜೆಗೆ ಹೋಗುವ ಮುಂಚಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ಕೂಲಿಯೇ ದಿನದ ದರ. ಗರ್ಭಿಣಿಯರಿಗೆ ಆ ಮೂರು ತಿಂಗಳಲ್ಲಿ ವಾಂತಿ, ಸುಸ್ತು, ಚೆಕಪ್ ಅಂತ ಸಂಬಳ ಕಡಿತದ ರಜೆ ಆಗಿರುತ್ತದೆ. ಉದಾಹರಣೆಗೆ 75 ದಿನಕ್ಕೆ 75,000 ರೂಪಾಯಿ ಬಂದಿದೆ. ದಿನಕ್ಕೆ 1,000. ಆದರೆ ಕಂಪ್ಯೂಟರ್ ಅದನ್ನು 90ರಿಂದ ಭಾಗಿಸಿ 833 ಅನ್ನುತ್ತದೆ. ದಿನಕ್ಕೆ 167 ರೂಪಾಯಿ ಕಡಿಮೆ, ಅದನ್ನು 182ರಿಂದ ಗುಣಿಸಿ. ಮೂವತ್ತು ಸಾವಿರ ಹೋಯಿತು. ಸ್ಲಿಪ್ ಮುಂದಿಟ್ಟುಕೊಂಡು ಮೆತ್ತಗೆ ಕೇಳಿ, ಬಹಳ ಸಲ ಸರಿಮಾಡುತ್ತಾರೆ.

ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು ಅನ್ನುವುದು ಕಾನೂನು. ಎಷ್ಟೋ ಕಂಪನಿಗಳು ತಿಂಗಳ ಸಂಬಳದಂತೆ ಹಾಕುತ್ತಾ ಹೋಗುತ್ತವೆ. ನಿಮಗೆ ಒಪ್ಪಿಗೆಯಾದರೆ ಅದರಲ್ಲಿ ತೊಂದರೆಯಿಲ್ಲ. ಕಂಪನಿ ಉಚಿತವಾಗಿ ಹೆರಿಗೆ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಬೇರೆ ಬರಬೇಕು. ಇದನ್ನು ಕೇಳಿದರೆ ಮಾತ್ರ ಕೊಡುತ್ತಾರೆ.

ಇಎಸ್‌ಐನವರಿಗೆ ಬರುವುದು ಸರಾಸರಿ ದಿನಗೂಲಿಯ ಪೂರ್ತಿ 100 ಶೇಕಡಾ. ಆದರೆ ಕಾಗದ ಇಎಸ್‌ಐ ವೈದ್ಯರಿಂದ ಆಗಬೇಕು. ಬೇರೆ ಆಸ್ಪತ್ರೆಯಲ್ಲಿ ಹೆರಿಗೆ ಅಂತ ತೀರ್ಮಾನಿಸಿದ್ದರೂ ನಿಮ್ಮ ಡಿಸ್ಪೆನ್ಸರಿಯಲ್ಲಿ ಮೊದಲೇ ಹೆಸರು ಬರೆಸಿ, ಪ್ರಮಾಣಪತ್ರ ಪಡೆಯಿರಿ. ಕ್ಲೇಮ್ ಅನ್ನು ಆನ್‌ಲೈನ್‌ನಲ್ಲೂ ಹಾಕಬಹುದು, ಶಾಖಾ ಕಚೇರಿಯಲ್ಲೂ ಕೊಡಬಹುದು. ಹಣ ಖಾತೆಗೆ ಬರುವಷ್ಟರಲ್ಲಿ ಒಂದೆರಡು ತಿಂಗಳು ಸಂಬಳವಿಲ್ಲದ ಕಂದಕ ಬೀಳಬಹುದು. ಆ ಬಾಡಿಗೆ, ಹಾಲು, ಔಷಧಿಯ ದುಡ್ಡನ್ನು ಈಗಿನಿಂದಲೇ ಬೇರೆ ಎತ್ತಿಡಿ. ಹಾಕುತ್ತಿರುವ ಚೀಟಿ ಇದ್ದರೆ ಆ ತಿಂಗಳಿಗೇ ಎತ್ತಿಕೊಳ್ಳುವ ಹಾಗೆ ಮಾತಾಡಿಡಿ.

ಹಂತ 7: ಮಾತೃ ವಂದನಾ

ಸಂಬಳ ಸಹಿತ ಹೆರಿಗೆ ರಜೆ ಅಥವಾ ಇಎಸ್‌ಐ ಹೆರಿಗೆ ಹಣ ಪಡೆಯುವವರಿಗೆ ಇದಿಲ್ಲ. ಎರಡೂ ಹಾಕಿದರೆ ತಿರಸ್ಕಾರ ಆಗುತ್ತದೆ.

ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. 3,000 ರೂಪಾಯಿಯ ಮೊದಲ ಕಂತಿಗೆ ಗರ್ಭದ ನೋಂದಣಿ ಮತ್ತು ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದಾದರೂ ತಪಾಸಣೆ ಆಗಿರಬೇಕು. 2,000 ರೂಪಾಯಿಯ ಎರಡನೆಯದಕ್ಕೆ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಬೇಕು. ಎರಡನೇ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಅಥವಾ ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಅನ್ನುವ ಪ್ರಮಾಣಪತ್ರ – ಇವುಗಳಲ್ಲಿ ಒಂದಿದ್ದರೆ ಸಾಕು.

ಅರ್ಜಿ ಅಂಗನವಾಡಿಯಲ್ಲಿ. 2022ರ ಏಪ್ರಿಲ್‌ನಿಂದ ಜಾರಿಯಾದ ಹೊಸ ನಿಯಮದಲ್ಲಿ ಗಂಡನ ಆಧಾರ್ ಕಡ್ಡಾಯವಲ್ಲ. ಒಂಟಿ ತಾಯಂದಿರಿಗಾಗಿಯೇ ಅದನ್ನು ತೆಗೆದರು. ಹಳೆಯ ಫಾರಂ ಹಿಡಿದು "ಗಂಡನ ಆಧಾರ್ ತನ್ನಿ" ಅಂದರೆ ಜಗಳ ಬೇಡ. "ಹೊಸ ನಿಯಮದಲ್ಲಿ ಬೇಡ ಅಂತಿದೆ, ಮೇಲ್ವಿಚಾರಕಿಯನ್ನು ಕೇಳಿ ನೋಡಿ ಟೀಚರ್" ಅನ್ನಿ. ಟೀಚರ್ ಕಷ್ಟವೂ ಕಡಿಮೆ ಇರುವುದಿಲ್ಲ.

ಅಲ್ಲಿಗೆ ಹೋದಾಗಲೇ ಮಾತೃಪೂರ್ಣ ಊಟಕ್ಕೂ ಹೆಸರು ಬರೆಸಿ. ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಈ ಯೋಜನೆ 2017ರಿಂದ ಇದೆ.

ಹಂತ 8: ಆಸ್ಪತ್ರೆ ಖರ್ಚು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಕೂಡ, ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಸೇರಿ. ಬರಲು 108, ಮನೆಗೆ ಬಿಡಲು ನಗು-ಮಗು ವಾಹನ. ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಸಿಗುತ್ತದೆ. ಚೆಕಪ್‌ಗೆ ಓಡಾಡಲು ಶಕ್ತಿ ಯೋಜನೆಯ ಬಸ್ ಇದ್ದೇ ಇದೆ.

ಕಂಪನಿಯ ಗುಂಪು ವಿಮೆ ಇದ್ದರೆ ಹೆರಿಗೆಗೆ ಎಷ್ಟು ಮಿತಿ, ಮಗುವನ್ನು ಎಷ್ಟು ದಿನದೊಳಗೆ ಸೇರಿಸಬೇಕು ಅಂತ ಈಗಲೇ ಮೇಲ್‌ನಲ್ಲಿ ಕೇಳಿ. ಬಸುರಿಯಾದಮೇಲೆ ಹೊಸದಾಗಿ ಸ್ವಂತ ವಿಮೆ ಮಾಡಿಸಿ ಈ ಹೆರಿಗೆಗೆ ಬಳಸಬಹುದು ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಹೆರಿಗೆಗೆ ಕಾಯುವ ಅವಧಿ ಇರುತ್ತದೆ.

ಹಂತ 9: ಜನನ ಪ್ರಮಾಣಪತ್ರ – ಡಿಸ್ಚಾರ್ಜ್‌ಗೆ ಮುಂಚೆ ನೋಡಿ

ಆಸ್ಪತ್ರೆಯವರು ತುಂಬುವ ಜನನ ವರದಿಯನ್ನು ನಿಮ್ಮ ಕಣ್ಣಾರೆ ಓದಿ. ಆಗದಿದ್ದರೆ ಜೊತೆಗಿದ್ದವರಿಗೆ ಓದಲು ಹೇಳಿ. 21 ದಿನದೊಳಗೆ ನೋಂದಣಿ ಆಗಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಇದೇ.

ಮದುವೆಯಾಗದ ತಾಯಿಯಾದರೆ ತಂದೆಯ ಕಾಲಂ ಖಾಲಿ ಬಿಡಬಹುದು. ತಾಯಿಯ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಸಾಕು ಅಂತ ಸುಪ್ರೀಂ ಕೋರ್ಟ್ 2015ರ ಜುಲೈ 6ರಂದು ಹೇಳಿದೆ. ನೋಟರಿ ಮಾಡಿಸಿದ ಅಫಿಡವಿಟ್ ಅನ್ನು ಎಂಟನೇ ತಿಂಗಳಲ್ಲೇ ಸಿದ್ಧಮಾಡಿ ಫೈಲಿನಲ್ಲಿಡಿ. ಪಾಸ್‌ಪೋರ್ಟಿಗೂ ಈಗ ಒಬ್ಬ ಪೋಷಕರ ಹೆಸರು ಸಾಕು.

ವಿಧವೆಯರು, ಮದುವೆಯಾಗಿ ಬೇರೆಯಾದವರ ವಿಷಯ ಬೇರೆ. ಅವನ ಮೇಲೆ ಎಷ್ಟೇ ಸಿಟ್ಟಿರಲಿ, ನಿಜವಾದ ತಂದೆಯ ಹೆಸರು ಬರೆಸಿ. ಆಸ್ತಿ, ಪಿಂಚಣಿ, ಜೀವನಾಂಶ ಎಲ್ಲಕ್ಕೂ ನಾಳೆ ಮಗುವಿಗೆ ಆ ಹೆಸರೇ ಆಧಾರ.

ಹಂತ 10: ಮಗುವಿನ ತಂದೆಯಿಂದ ಜೀವನಾಂಶ

ಮದುವೆಯಾಗದೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕು. ಹಿಂದೆ 125ನೇ ಕಲಂ ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಮದುವೆಯಾಗಿ ಬೇರೆಯಿರುವವರು ಹೆರಿಗೆಗೆ ಕಾಯದೆ ತಮಗಾಗಿಯೂ ಈಗಲೇ ಕೇಳಬಹುದು.

ಹಣ ಕಳಿಸಿದ ಬ್ಯಾಂಕ್ ದಾಖಲೆ, ಸಂದೇಶಗಳು, ಜೊತೆಗಿದ್ದ ಮನೆಯ ಬಾಡಿಗೆ ಕರಾರು – ಇವನ್ನು ಸಿಟ್ಟಿನಲ್ಲಿ ಅಳಿಸಬೇಡಿ. "ನನಗೆ ಏನೂ ಬೇಡ" ಅಂತ ಬರೆದು ಕೊಡಲೂ ಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181.

ಹಂತ 11: ಮರಳಿ ಕೆಲಸಕ್ಕೆ

ರಜೆ ಮುಗಿಯುವ ಒಂದು ತಿಂಗಳ ಮುಂಚೆ, ಬರುವ ದಿನಾಂಕ ಹೇಳಿ ಮೇಲ್ ಹಾಕಿ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಇದೆ. 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರಲು ಬಿಡಬೇಕು. ಮನೆಯಿಂದ ಮಾಡಬಹುದಾದ ಕೆಲಸವಾದರೆ ಅದನ್ನೂ ಕೇಳಬಹುದು, ಆದರೆ ಅದು ಇಬ್ಬರೂ ಒಪ್ಪಿದರೆ ಮಾತ್ರ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಕೂಸಿನ ಮನೆ ನಿಮ್ಮೂರಲ್ಲಿದೆಯಾ ವಿಚಾರಿಸಿ.

ಶಿಶುಪಾಲನಾ ಕೇಂದ್ರವನ್ನು ರಜೆಗೆ ಹೋಗುವ ಮುಂಚೆಯೇ ಒಂದು ಸಲ ಒಳಗೆ ಹೋಗಿ ನೋಡಿ. ಬೀಗ ಹಾಕಿ, ಒಳಗೆ ಹಳೇ ಕುರ್ಚಿ ಪೇರಿಸಿಟ್ಟಿರುವ ಕೋಣೆಗೆ "ಕ್ರೆಷ್" ಅಂತ ಬೋರ್ಡ್ ಹಾಕಿರುವುದನ್ನು ನಾನೇ ಕಂಡಿದ್ದೇನೆ. ಹಾಗಿದ್ದರೆ ಅದರ ಬಗ್ಗೆಯೂ ನೋಟಿಸಿನ ಜೊತೆಗೇ ಒಂದು ಸಾಲು ಬರೆದು ಸೀಲ್ ಹಾಕಿಸಿಕೊಳ್ಳಿ. ನೀವು ವಾಪಸ್ ಬರುವಷ್ಟರಲ್ಲಿ ಕುರ್ಚಿ ತೆಗೆಸಲು ಅವರಿಗೆ ಆರು ತಿಂಗಳು ಸಿಗುತ್ತದೆ.